ಸದ್ದಿಲ್ಲದ ಗಿಟಾರಿಗೆ ಒಂದು ಡಬ್ಬಿ ಗೋಳಿಬಜೆ

ಪಾರ್ಕ್ ಸ್ಟ್ರೀಟಿನಲ್ಲಿ ಕೃಷ್ಣರಾಜನನ್ನು ‘ಕ್ರಿಶ್‌ದಾ’ ಎಂದು ಕರೆಯುತ್ತಾರೆ. ಎಸ್ಪ್ಲನೇಡಿನ ಹಿಂದಿನ ಗಲ್ಲಿಯಲ್ಲಿರುವ ಅವನ ಹೋಟೆಲಿಗೆ ಬರುವವರು ‘ದೋಸಾ ದಾದಾ’ ಎನ್ನುತ್ತಾರೆ. ಎರಡೂ ಒಂದೇ ಆಸಾಮಿ ಎಂದು ಗೊತ್ತಿದ್ದವರು ಕಡಿಮೆ, ಗೊತ್ತಾದ ಮೇಲೆ ನಂಬುವವರು ಇನ್ನೂ ಕಡಿಮೆ. ಬೆಳಿಗ್ಗೆ ಬನಿಯನ್ ತೊಟ್ಟು ಕಾವಲಿಯ ಮುಂದೆ ಬೆವರುವ ಈ ಐವತ್ತು ದಾಟಿದ ಮನುಷ್ಯ, ಸಂಜೆಯಾದರೆ ಹೂವಿನ ಅಂಗಿ ಹಾಕಿ, ಉಳಿದಿರುವ ನಾಲ್ಕು ಕೂದಲನ್ನು ನೀಟಾಗಿ ಬಾಚಿ, ‘ಟ್ರಾಮ್ ಡಿಪೋ’ ಎಂಬ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಹಿಡಿದು ನಿಲ್ಲುತ್ತಾನೆ.

ಅವರದು ಸೋಲ್ ಮತ್ತು ಫಂಕ್. ಅಮೆರಿಕದ ಕಪ್ಪು ಜನ ತಮ್ಮ ಚರ್ಚಿನ ಹಾಡುಗಾರಿಕೆಯನ್ನು ಬೀದಿಗೆ ತಂದು ಕಟ್ಟಿದ ಸಂಗೀತ. ಸೋಲ್ ಎದೆ ಹಿಂಡುತ್ತದೆ, ಫಂಕ್ ಕೂತವರ ಸೊಂಟಕ್ಕೆ ಕೈಹಾಕಿ ಎಬ್ಬಿಸುತ್ತದೆ. ಅದರ ತಳದಲ್ಲಿ ಇರುವುದು ಬೇಸ್ ಗಿಟಾರಿನ ನಾಲ್ಕು ದಪ್ಪ ತಂತಿಗಳು. ಸಾಂಬಾರಿನ ಇಂಗಿನ ಹಾಗೆ, ಇದ್ದಾಗ ಯಾರೂ ಕೇಳುವುದಿಲ್ಲ, ಇಲ್ಲದ ದಿನ ಎಲ್ಲರೂ ಮುಖ ಸಿಂಡರಿಸುತ್ತಾರೆ. ಚಪ್ಪಾಳೆಯೆಲ್ಲ ಹಾಡುವ ತನುಶ್ರೀಗೆ ಹೋಗುತ್ತದೆ. ಕೃಷ್ಣರಾಜನಿಗೆ ಅದರ ಬಗ್ಗೆ ಎಂದೂ ಬೇಜಾರಿರಲಿಲ್ಲ.

ಉಡುಪಿ ಕಡೆಯ ಹೋಟೆಲಿನವರ ಮಗನಿಗೆ ಈ ಹುಚ್ಚು ಹಿಡಿದದ್ದು ಇಡ್ಲಿಯ ದೆಸೆಯಿಂದ. ಪಾರ್ಕ್ ಸ್ಟ್ರೀಟಿನ ಹಿಂದೆ ನೋಯೆಲ್ ಎಂಬ ಆಂಗ್ಲೋ ಇಂಡಿಯನ್ ಮುದುಕರಿದ್ದರು. ಭಾನುವಾರ ಚರ್ಚಿನಿಂದ ಬಂದ ಕೂಡಲೇ ಅವರಿಗೆ ಬಿಸಿ ಇಡ್ಲಿ ಆಗಬೇಕು. ಟಿಫಿನ್ ಕ್ಯಾರಿಯರ್ ಹಿಡಿದು ಹೋದ ಕೃಷ್ಣರಾಜ ಬಾಗಿಲ ಆಚೆಯಿಂದ ಅವರು ನುಡಿಸುತ್ತಿದ್ದ ಬೇಸ್ ಗಿಟಾರ್ ಕೇಳಿದ. ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತಂತೆ. ಅವತ್ತು ಇಡ್ಲಿ ತಣ್ಣಗಾಯಿತು, ನೋಯೆಲ್ ಅಂಕಲ್ ಕೆಂಡವಾದರು, ಮುಂದಿನ ಭಾನುವಾರದಿಂದ ಪಾಠ ಶುರುವಾಯಿತು.

ಅಂಕಲ್ ಮಹಾ ಸಿಡುಕ. ಅವರ ಪಾಠದ ಸಾರವೆಲ್ಲ ಒಂದೇ ಮಾತು: “ಎಲ್ಲಿ ಬೇಕಾದರೂ ಸುತ್ತು, ಮೊದಲ ಪೆಟ್ಟಿಗೆ ಮನೆಗೆ ಬಾ.” ಫಂಕಿನಲ್ಲಿ ಜೀವ ಇರುವುದು ತಾಳದ ಆ ಮೊದಲ ಪೆಟ್ಟಿನಲ್ಲೇ. ಹುಡುಗ ಕಿಸಕ್ಕನೆ ನಕ್ಕು ಬೈಸಿಕೊಂಡ. ನಗದೆ ಏನು ಮಾಡಿಯಾನು? ಅವನ ಅಮ್ಮ ಸುಂದರಿ ಶನಿವಾರದ ಭಜನೆಯಲ್ಲಿ ತಾಳ ಹಿಡಿದು, ದಾರಿ ತಪ್ಪಿದ ಹೆಂಗಸರಿಗೆಲ್ಲ ಹೇಳುತ್ತಿದ್ದದ್ದೂ ಅದನ್ನೇ.

ಅಪ್ಪ ಬಾಲಕೃಷ್ಣರಾಯರು ರಂಪ ಮಾಡಲಿಲ್ಲ, ಕರಾರು ಹಾಕಿದರು. ಬೆಳಿಗ್ಗೆ ಕಾವಲಿ ಬಿಡಬಾರದು, ಗಿಟಾರಿನ ಸದ್ದು ಹೆಚ್ಚಿಸುವ ಕರೆಂಟಿನ ಡಬ್ಬ ಮನೆಯೊಳಗೆ ಬರಬಾರದು. ಅಮ್ಮನದೂ ಒಂದು ಸೇರಿತು: ಗಿಟಾರಿನ ಚರ್ಮದ ಪಟ್ಟಿ ದೇವರ ಕೋಣೆಯ ಹತ್ತಿರ ಸುಳಿಯಬಾರದು. ಬೇಡ ಎಂದು ಸುಮ್ಮನೆ ಕೂರುವ ಹೆಂಗಸಲ್ಲ ಆಕೆ. ತನ್ನ ಹಳೇ ಸೀರೆಯ ಸೆರಗನ್ನು ಮಡಚಿ ಮಡಚಿ ಹೊಲಿದು ಬೇರೆ ಪಟ್ಟಿಯನ್ನೇ ಮಾಡಿಕೊಟ್ಟರು. ಪಾರ್ಕ್ ಸ್ಟ್ರೀಟಿನ ದೀಪಗಳ ಕೆಳಗೆ ಆ ಜರಿ ಮಿಂಚುವುದನ್ನು ಕಂಡು, ಎಲ್ಲಿ ಸಿಕ್ಕಿತು ಇದು ಎಂದು ಕೇಳದ ಸಂಗೀತಗಾರನಿಲ್ಲ.

ಅಪ್ಪ ತೀರಿಕೊಂಡರು, ನೋಯೆಲ್ ಅಂಕಲ್ ಕೂಡ ಹೋದರು. ಬ್ಯಾಂಡುಗಳು ಹುಟ್ಟಿದವು, ಜಗಳವಾಡಿ ಮುರಿದವು, ಮತ್ತೆ ಹುಟ್ಟಿದವು. ಕೃಷ್ಣರಾಜ ಮಾತ್ರ ಕರಾರು ಮುರಿಯಲಿಲ್ಲ. ಡಮ್ ಡಮ್‌ನ ಫ್ಲಾಟಿನಲ್ಲಿ ಅವನು ಅಭ್ಯಾಸ ಮಾಡುವುದು ಇವತ್ತಿಗೂ ಕರೆಂಟಿಲ್ಲದೆಯೇ. ಹಾಗೆ ನುಡಿಸಿದರೆ ಆ ಗಿಟಾರ್ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಕುಡಿತ, ಮಾಂಸ ಇರುವ ಜಾಗಕ್ಕೆ ಸುಂದರಿಯಮ್ಮ ಕಾಲಿಡುವವರಲ್ಲ. ಮಗನ ಕಛೇರಿಯನ್ನು ಅವರು ನೋಡಿದ್ದೇನಿದ್ದರೂ ಮೊಮ್ಮಗಳು ಅನ್ವಿತಾಳ ಫೋನಿನಲ್ಲಿ.

ಆದರೂ ಶುಕ್ರವಾರ ಬಂತೆಂದರೆ ಆಕೆ ಬ್ಯಾಂಡಿನವರಿಗೆಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಗೋಳಿಬಜೆ ಕರಿದು ಕೊಡುವುದು ತಪ್ಪದು. ಮೈದಾಕ್ಕೆ ಮೊಸರು, ಶುಂಠಿ, ಹಸಿಮೆಣಸು ಹಾಕಿ ಕಲಸಿ, ಅಂಗೈಯಲ್ಲಿ ಹಿಟ್ಟು ಹಿಡಿದು ಎಣ್ಣೆಗೆ ಬಿಟ್ಟರೆ ಅವು ಚೆಂಡಿನಂತೆ ಉಬ್ಬಿ ತಾವೇ ಮಗುಚಿಕೊಳ್ಳುತ್ತವೆ. ತನುಶ್ರೀಯಂತೂ ಡಬ್ಬಿ ಖಾಲಿಯಾಗದೆ ಹಾಡಲು ಬಾಯಿ ಬಿಡುವವಳಲ್ಲ. ಅಮ್ಮನಿಗೆ ನಮ್ಮ ಸಂಗೀತದ ಮೇಲೆ ಎಷ್ಟು ಪ್ರೀತಿ ಎಂದು ಕೃಷ್ಣರಾಜ ಎಲ್ಲರ ಹತ್ತಿರ ಹೇಳಿಕೊಂಡು ಬೀಗುತ್ತಿದ್ದ.

ಕಳೆದ ದುರ್ಗಾಪೂಜೆಗೆ ಮುಂಚಿನ ಶುಕ್ರವಾರ ಆ ಬಲೂನು ಒಡೆಯಿತು. ಅನ್ವಿತಾ ಅಡುಗೆಮನೆಗೆ ಬಂದು, “ಅಜ್ಜೀ, ಐದೇ ಜನಕ್ಕೆ ಇಷ್ಟೆಲ್ಲಾ? ಟೂ ಮಚ್!” ಎಂದಳು.

“ಇರ್ಲಿ ಮಗಾ,” ಎಂದರು ಸುಂದರಿಯಮ್ಮ. ಕಿವಿ ಮಂದವಾದ ಮೇಲೆ ಅವರ ಗುಟ್ಟಿನ ಮಾತೂ ಪಕ್ಕದ ಫ್ಲಾಟಿಗೆ ಕೇಳುತ್ತದೆ. “ತಿಂದವರಿಗೆ ಸ್ವಲ್ಪ ದಾಕ್ಷಿಣ್ಯ ಇರ್ತದೆ. ನಿನ್ನ ಅಪ್ಪನನ್ನು ತೆಗೆದುಹಾಕಿದ್ರೆ ಈ ಪ್ರಾಯದಲ್ಲಿ ಅವ ಎಲ್ಲಿಗೆ ಹೋಗುದು?”

“ಅಪ್ಪನ್ನ ಯಾಕೆ ತೆಗೀತಾರೆ?”

“ಫೋನಿನಲ್ಲಿ ನಾನು ನೋಡ್ಲಿಲ್ವಾ? ಆ ಹುಡುಗಿ ಹಾಡುದು ಕೇಳ್ತದೆ, ಒಬ್ಬ ತುತ್ತೂರಿ ಊದುದು ಕೇಳ್ತದೆ, ಡ್ರಮ್ಮು ಕೇಳ್ತದೆ. ಇವಂದು ಒಂದು ಚೂರು ಶಬ್ದ ಇಲ್ಲ! ಪಾಪ, ಹಿಂದೆ ಬೆರಳು ಆಡಿಸಿಕೊಂಡು ನಿಂತಿರ್ತಾನೆ. ಒಳ್ಳೇ ಜನ ಮಾರಾಯ್ತಿ, ಇಷ್ಟು ವರ್ಷ ಒಂದು ಮಾತು ಆಡ್ಲಿಲ್ಲ. ನಾವೂ ತಿಳ್ಕೊಂಡು ನಡೀಬೇಕಲ್ವಾ?”

ಅನ್ವಿತಾ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನಿನ ಆ ಪುಟಾಣಿ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ, ಅಷ್ಟೇ ಸಂಗತಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಕೃಷ್ಣರಾಜನೂ ನಗಲು ಹೋದ, ಆಗಲಿಲ್ಲ. ಒಂದು ಆಯಸ್ಸಿನ ಸಂಗೀತ! ಹೆತ್ತವಳ ಲೆಕ್ಕದಲ್ಲಿ ಅವನು ಗೋಳಿಬಜೆಯ ವಶೀಲಿಯಿಂದ ಬ್ಯಾಂಡಿನಲ್ಲಿ ನಿಂತವನು.

ವಿವರಿಸಿ ಹೇಳಿದರೆ ಆಕೆ “ಹೌದು ಹೌದು” ಎಂದು ತಲೆ ಸವರಿದರು. ಇಯರ್‌ಫೋನ್ ತಂದರೆ, ಕಿವಿಯಲ್ಲಿರುವ ಯಂತ್ರವೇ ಸಾಕಾಗಿದೆ ಎಂದು ದೂಡಿದರು. ಆ ಯಂತ್ರವೂ ಇನ್ನು ಹೆಚ್ಚು ದಿನ ಉಪಯೋಗಕ್ಕೆ ಬಾರದು ಎಂದು ಡಾಕ್ಟರು ಹೇಳಿಯಾಗಿತ್ತು. ಪೂರ್ತಿ ಮುಚ್ಚುವ ಮೊದಲು ಆ ಕಿವಿಗೆ ತನ್ನ ಗಿಟಾರ್ ಒಂದೇ ಒಂದು ಸಲ ಬೀಳಬೇಕು. ಕೃಷ್ಣರಾಜನಿಗೆ ಅದೊಂದೇ ಧ್ಯಾನ.

ದುರ್ಗಾಪೂಜೆ ಮುಗಿದ ಮೇಲೆ ಪಾಡಾದವರೆಲ್ಲ, ಅಂದರೆ ಕೇರಿಯವರೆಲ್ಲ, ಒಟ್ಟು ಸೇರಿ ಸಿಹಿ ಹಂಚಿ ಹಾಡು ಕುಣಿತ ನಡೆಸುವ ಬಿಜೊಯಾ ಸಮ್ಮಿಲನಿ ಇರುತ್ತದೆ. ಆ ವರ್ಷ ‘ಟ್ರಾಮ್ ಡಿಪೋ’ ಬರುತ್ತದೆ, ಬಿಟ್ಟಿ ಬರುತ್ತದೆ ಎಂದು ಕೃಷ್ಣರಾಜ ಅದನ್ನು ನಡೆಸುವ ಕ್ಲಬ್ಬಿನವರಿಗೆ ತಾನೇ ಹೋಗಿ ಹೇಳಿದ. ಕುಡಿತವಿಲ್ಲ, ಮೀನಿನ ವಾಸನೆಯಿಲ್ಲ, ಮನೆಯೆದುರಿನ ಮೈದಾನ. ಅಮ್ಮನಿಗೆ ನೆಪ ಹೇಳಲು ಜಾಗವೇ ಇಲ್ಲದಂತೆ ಮಾಡಿದ.

ಸುಂದರಿಯಮ್ಮ ಬಂದರು. ಒಳ್ಳೆಯ ಸೀರೆ ಉಟ್ಟು, ತೊಡೆಯ ಮೇಲೆ ಗೋಳಿಬಜೆಯ ಡಬ್ಬಿ ಇಟ್ಟುಕೊಂಡು, ಕಿವಿಯ ಯಂತ್ರ ಮನೆಯಲ್ಲೇ ಬಿಟ್ಟು! ಸ್ಟೇಜಿನ ಮೇಲಿಂದ ಕೃಷ್ಣರಾಜ ಕಿವಿ ಮುಟ್ಟಿ ಸನ್ನೆ ಮಾಡಿ ಕೇಳಿದ. ಅನ್ವಿತಾ ಕೈಯಾಡಿಸಿ ಇಲ್ಲ ಎಂದಳು.

“ಅದು ಗಲಾಟೆಯಲ್ಲಿ ಕುಂಯ್ ಅಂತದೆ, ಸಾಯ್ಲಿ ಅತ್ಲಾಗಿ,” ಎಂದುಬಿಟ್ಟಿದ್ದರು ಅಜ್ಜಿ. ಮುಂದಿನ ಸಾಲು ಕ್ಲಬ್ಬಿನ ದೊಡ್ಡ ಮನುಷ್ಯರಿಗೆ ಮೀಸಲು. ಪಕ್ಕದಲ್ಲಿ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೆ ಅಂಟಿಕೊಂಡು ಒಂದು ಕುರ್ಚಿ ಖಾಲಿ ಇತ್ತು. ಅನ್ವಿತಾ ಬೇಡ ಬೇಡ ಎಂದರೂ “ಇಲ್ಲಿ ಫ್ಯಾನಿನ ಗಾಳಿ ಉಂಟು” ಎಂದು ಅಲ್ಲೇ ಕೂತರು.

ಎಲ್ಲ ಮುಗಿಯಿತು ಎಂದುಕೊಂಡ ಕೃಷ್ಣರಾಜ. ಇನ್ನು ಏನು ನುಡಿಸಿದರೇನು? ಆದರೆ ತನುಶ್ರೀ ಹಾಡು ಶುರುಮಾಡಲು ಒಂದು, ಎರಡು, ಮೂರು ಎಂದು ಎಣಿಸಿಯಾಗಿತ್ತು, ಬೆರಳುಗಳು ಸುಮ್ಮನಿರಲಿಲ್ಲ. ಮೊದಲ ಪೆಟ್ಟು ಬಿತ್ತು.

ಸುಂದರಿಯಮ್ಮನ ತೊಡೆಯ ಮೇಲೆ ಡಬ್ಬಿಯ ಮುಚ್ಚಳ ಕುಣಿಯಿತು. ಅವರು ಬೆಚ್ಚಿ ಕುರ್ಚಿಯ ಕೆಳಗೆ ನೋಡಿದರು. “ಟ್ರೈನ್ ಹೋಗ್ತಾ ಉಂಟಾ?” ಎಂದು ಅನ್ವಿತಾಳನ್ನು ಕೇಳಿದರು. ಹಾಡಿನ ನಡುವೆ ಗಿಟಾರ್ ಒಂದು ಕ್ಷಣ ನಿಂತಿತು, ಟ್ರೈನೂ ನಿಂತಿತು. ಗಿಟಾರ್ ಹೊರಟಿತು, ಟ್ರೈನೂ ಹೊರಟಿತು. ಆಕೆ ತಲೆಯೆತ್ತಿ ಮಗನ ಬೆರಳು ನೋಡಿದರು, ಮುಚ್ಚಳ ನೋಡಿದರು, ಮತ್ತೆ ಬೆರಳು ನೋಡಿದರು. ಅನ್ವಿತಾ ಏನೋ ಹೇಳಲು ಹೋದರೆ ಸುಮ್ಮನಿರು ಎಂದು ಕೈ ತೋರಿಸಿದರು.

ಆಮೇಲೆ ಅಂಗೈ ಮೆಲ್ಲಗೆ ಡಬ್ಬಿಯ ಮೇಲೆ ಇಳಿಯಿತು. ಒಂದು ಸುತ್ತು ಕಾದರು, ಎರಡನೇ ಸುತ್ತು ಕಾದರು, ಮೂರನೆಯದಕ್ಕೆ ಸರಿಯಾಗಿ ಮೊದಲ ಪೆಟ್ಟಿಗೆ ತಟ್ಟಿದರು. ಅಲ್ಲಿಂದ ಬಿಡಲಿಲ್ಲ. ಕೃಷ್ಣರಾಜ ಸ್ಟೇಜಿನ ಅಂಚಿಗೆ ಬಂದು ಅಮ್ಮನ ಕೈಯನ್ನೇ ನೋಡುತ್ತ ನುಡಿಸಿದ. ಎಂದೂ ಹಿಂದಿನಿಂದ ಮುಂದೆ ಬರದ ಮನುಷ್ಯ ಅವತ್ತು ತನುಶ್ರೀಗೇ ಅಡ್ಡ ನಿಂತಿದ್ದ. ಬೇಕೆಂದೇ ತಾಳ ತಪ್ಪಿಸುವಂತೆ ಸುತ್ತಿ ಬಳಸಿ ಹೋಗುತ್ತಿದ್ದ, ಮೊದಲ ಪೆಟ್ಟಿಗೆ ಬಂದರೆ ಅಮ್ಮ ಅಲ್ಲಿ ಅವನಿಗಿಂತ ಮೊದಲೇ ಕಾಯುತ್ತಿದ್ದರು. ಕಣ್ಣು ಮಂಜಾಗಿ ತಂತಿ ಕಾಣದೆಯೂ ಅವನು ನುಡಿಸಿದ.

ಮುಗಿದ ಮೇಲೆ ಬ್ಯಾಂಡಿನವರೆಲ್ಲ ಅವರ ಸುತ್ತ ಬಂದು ನಿಂತರು. ತನುಶ್ರೀ ಬಗ್ಗಿ ಕಾಲು ಮುಟ್ಟಿ, “ಮಾಸಿಮಾ, ಹೇಗಿತ್ತು?” ಎಂದು ಕಿವಿಯ ಹತ್ತಿರ ಕಿರುಚಿದಳು. ಸುಂದರಿಯಮ್ಮ ಅವಳ ಕೆನ್ನೆ ತಟ್ಟಿ ನಕ್ಕರು. ನಂತರ ಮಗನನ್ನು ಅಂಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಗುಟ್ಟು ಎಂದುಕೊಂಡು ಅವರು ಹೇಳಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಕನ್ನಡವಾದ್ದರಿಂದ ಬ್ಯಾಂಡಿನ ಮಾನ ಉಳಿಯಿತು.

“ಕೃಷ್ಣಾ, ನಾನು ಎಂತ ತಪ್ಪು ತಿಳ್ಕೊಂಡಿದ್ದೆ ಮಗಾ! ಇವರೆಲ್ಲ ಬರೀ ಬಾಯಿ ಆಡಿಸಿಕೊಂಡು, ಕೈ ಆಡಿಸಿಕೊಂಡು ನಿಂತಿದ್ರು. ನುಡಿಸಿದ್ದು ನೀನೊಬ್ಬನೇ.” ಡಬ್ಬಿಯನ್ನು ಅವನ ಕೈಗಿಟ್ಟರು. “ತಕೋ, ಪಾಪ, ಅವರಿಗೂ ಕೊಡು. ಬಿಟ್ಟುಹಾಕಬೇಡ ಅವರನ್ನು.”