ಸಾತುರ್ನಿನಾಳ ಅಂಗಡಿಯಲ್ಲಿ ರೇಡಿಯೊ ನಿಂತದ್ದು

ಸಾತುರ್ನಿನಾ ಕೋಲ್ಕೆಯ ಮುತ್ತಜ್ಜ ಮತೇಯೊ ಕಡಲತೀರಕ್ಕಾಗಿ ನೆರೆದೇಶದೊಡನೆ ಯುದ್ಧ ನಡೆದ ಕಾಲದಲ್ಲಿ ಲಾಮಾಗಳ ಬೆನ್ನ ಮೇಲೆ ಸಿಪಾಯಿಗಳಿಗೆ ಹಿಟ್ಟು ಹೇರಿಕೊಂಡು ಮರಳುಗಾಡು ದಾಟಿದವನು. ದೇಶ ತನಗಿದ್ದ ಕಡಲನ್ನೆಲ್ಲ ಕಳೆದುಕೊಂಡಿತು, ಆತ ಅರ್ಧ ಲಾಮಾಗಳನ್ನು ಕಳೆದುಕೊಂಡು ಊರಿಗೆ ಬಂದ. ಸಮುದ್ರ ಹೇಗಿತ್ತೆಂದು ಕೇಳಿದವರಿಗೆಲ್ಲ ಸಾಯುವ ತನಕ ಒಂದೇ ಉತ್ತರ ಕೊಟ್ಟ: “ದೊಡ್ಡದು. ಉಪ್ಪು. ಲಾಮಾ ಮೂಸಿ ನೋಡಿ ಬಿಟ್ಬಿಟ್ವು.” ಅಜ್ಜ ಇಲಾರಿಯೊ ತವರದ ಗಣಿಯಲ್ಲಿ ಕಲ್ಲು ಒಡೆದು, ಆ ಕಲ್ಲಿನ ಧೂಳನ್ನೇ ಎದೆಯಲ್ಲಿ ತುಂಬಿಕೊಂಡು ಹೋದ. ಅವ್ವ ಪೆತ್ರೋನಾ ಇವರಿಬ್ಬರಿಗಿಂತ ಗಟ್ಟಿ. ಗಣಿ ಕೂಲಿಗಳು ತಾವೇ ನಡೆಸುತ್ತಿದ್ದ ರೇಡಿಯೊ ನಿಲಯ ಒಡೆಯಲು ಸೈನ್ಯ ಬಂದಾಗ, ಕೂಸು ಸಾತುರ್ನಿನಾಳನ್ನು ಬೆನ್ನಿಗೆ ಕಟ್ಟಿಕೊಂಡು ನಿಲಯದ ಬಾಗಿಲಿಗೆ ಅಡ್ಡ ಕೂತವಳು. ಬಂದೂಕಿನ ಹಿಡಿ ಬಾಯಿಗೆ ಬಿತ್ತು. ಎರಡು ಹಲ್ಲು ಹೋದವು, ರೇಡಿಯೊ ಉಳಿಯಿತು.

ಹಾಗಾಗಿ ಸಾತುರ್ನಿನಾಳಿಗೆ ರೇಡಿಯೊ ಅಂದರೆ ಬರೀ ಮಾತಿನ ಪೆಟ್ಟಿಗೆಯಲ್ಲ. “ಇದ್ರೊಳಗೆ ನಮ್ಮವ್ವನ ಹಲ್ಲವೆ” ಎನ್ನುತ್ತಿದ್ದಳು.

ಎತ್ತರದ ಗಣಿ ಊರಾದ ಒರೂರೊದ ಪೇಟೆಯ ಮೂಲೆಯಲ್ಲಿ ಅವಳು ಆಪಿ ಮಾರುತ್ತಿದ್ದಳು. ನೇರಳೆ ಮುಸುಕಿನ ಜೋಳವನ್ನು ಲವಂಗ, ಚಕ್ಕೆ ಹಾಕಿ ಕುದಿಸಿದ ಗಂಜಿ, ಜೊತೆಗೆ ಚೀಸ್ ತುಂಬಿ ಕರಿದ ಪೂರಿ. ಮೂಳೆ ಕೊರೆಯುವ ಆ ಎತ್ತರದ ಚಳಿಯಲ್ಲಿ ಬೆಳಗಿನ ಕೂಲಿಗಳಿಗೆ ಅದೇ ಪ್ರಾಣ. ಹಂಡೆಯ ಪಕ್ಕದಲ್ಲಿ ರೇಡಿಯೊ, ರೇಡಿಯೊದಲ್ಲಿ ಊರೇ ದೋನ್ ಎಂದು ಮರ್ಯಾದೆಯಿಂದ ಕರೆಯುವ ಮಾತುಗಾರ ನಿಕಾನೋರ್ ಉರ್ಕಿಯೇತಾ. ಆತ ಮಾತಾಡಲು ಶುರು ಮಾಡಿದರೆ ಕೈಯಲ್ಲಿದ್ದ ಲೋಟ ಕೈಯಲ್ಲೇ ನಿಲ್ಲುತ್ತಿತ್ತು. ಬ್ರೆಡ್ಡಿನ ತೂಕ ಇಳಿದಾಗ ಮೈಕಿನ ಮುಂದೆ ತಕ್ಕಡಿ ಇಟ್ಟು ತೂಗಿ ಊರಿಗೆಲ್ಲ ಆ ತಟ್ಟೆಯ ಸದ್ದು ಕೇಳಿಸಿದವನು ಆತ. ಪೇಟೆ ಹೆಂಗಸರ ಅಂಗಡಿ ಎತ್ತಿಸಲು ಪುರಸಭೆಯವರು ಬಂದಾಗ ತಾನೇ ಬಂದು ಹಂಡೆಗಳ ನಡುವೆ ನಿಂತವನು. ಸಾತುರ್ನಿನಾ ಬೆಳಗಿನ ಮೊದಲ ಲೋಟದಿಂದ ಭೂಮಿತಾಯಿಗೆ ನಾಲ್ಕು ಹನಿ ಚೆಲ್ಲಿ, ಉಳಿದದ್ದನ್ನು ಆತನಿಗೆಂದು ಬಿಸಿಯಾಗಿ ಎತ್ತಿಡುತ್ತಿದ್ದಳು.

ಆಮೇಲೆ ಒಂದು ವರ್ಷ, ಕಳೆದುಕೊಂಡ ಕಡಲನ್ನು ನೆನೆಯುವ ಸಮುದ್ರ ದಿನದಂದು, ಆತ ಮಾತಾಡಿದ. ಪೇಟೆಗೆ ಪೇಟೆಯೇ ಅತ್ತಿತು. ಸಾತುರ್ನಿನಾ ಕೂಡ ಶಾಲಿನ ತುದಿಯಲ್ಲಿ ಮೂಗೊರೆಸಿಕೊಂಡಳು. ತಪ್ಪೇನಿಲ್ಲ, ಕಳೆದುಕೊಂಡ ನೋವು ನೋವೇ. ಆದರೆ ಅವತ್ತು ಆತನ ಬಾಯಿಗೆ ಬಂದ ಸಮುದ್ರ ಮತ್ತೆ ಇಳಿದು ಹೋಗಲಿಲ್ಲ. ಆಲೂಗಡ್ಡೆ ದರ ಏರಿದರೂ ಸಮುದ್ರ, ಶಾಲೆಯ ಸೂರು ಸೋರಿದರೂ ಸಮುದ್ರ. ಗಣಿಯ ವಿಷದ ನೀರು ಹೊಳೆಗೆ ಬಿತ್ತೆಂದು ಹೆಂಗಸರು ದೂರು ಒಯ್ದರೆ, ಆ ಹೊಳೆ ಸೇರಬೇಕಿದ್ದ ಕಡಲ ಬಗ್ಗೆ ಅರ್ಧ ಗಂಟೆ ಅತ್ತ. ವಿಷ ಹಾಗೇ ಹರಿಯಿತು.

ಪೇಟೆಯವರ ಬಾಯಲ್ಲಿ ಅವಳು ಸಾತುಕಮ್ಮ. ಮೂಟೆ ಹೊರುವ ಎಲಾದಿಯೊ ರೇಗಿಸುತ್ತಿದ್ದ: “ಸಾತುಕಮ್ಮಾ, ನನ್ ಬೆನ್ನು ಹಿಡ್ಕೊಂಡದೆ. ಇದೂ ಸಮುದ್ರ ಇಲ್ದೆ ಬಂದಿದ್ದಾ ಅಂತ ನಿಮ್ ದೋನ್ ನಿಕಾನೋರನ್ನ ಕೇಳು.”

“ನಿನ್ ಬೆನ್ನಿಗೆ ಸಮುದ್ರ ಬೇಡ, ಹೆಂಡ ಬಿಟ್ರೆ ಸಾಕು. ನಿಮ್ಮಪ್ಪ ಉಸಿರು ಸಿಕ್ಕೊಂಡು ಒದ್ದಾಡ್ವಾಗ ಆಸ್ಪತ್ರೆಗೆ ಆಕ್ಸಿಜನ್ ತರ್ಸಿದ್ ಬಾಯಿ ಕಣಪ್ಪ ಅದು. ಕುಡ್ದು ಎದ್ ನಡಿ.”

ಹೀಗೆ ಬೇರೆಯವರ ಬಾಯಿ ಮುಚ್ಚಿಸುತ್ತ, ತನ್ನ ಮನಸ್ಸಿನ ಬಾಯಿಯನ್ನೂ ಮುಚ್ಚಿಸುತ್ತ ವರ್ಷಗಳನ್ನು ನೂಕಿದಳು.

ಚಳಿಗಾಲದ ಒಂದು ಸಂಜೆ ಅವಳ ತಮ್ಮ ಲೀನೊ ತೀರಿಕೊಂಡ. ಗಣಿಯ ಧೂಳೇ, ಅಜ್ಜನ ಕಾಯಿಲೆಯೇ. ಮಾರನೆಯ ದಿನ ಕಳೆದು ಮಣ್ಣು ಮಾಡಬೇಕು. ದೂರದ ಬಯಲಿನಲ್ಲಿ ಲಾಮಾ ಮೇಯಿಸುವ ಅಕ್ಕ ಫಾಸ್ತಿನಾ ಬರಬೇಕಿತ್ತು. ತಾಯಿ ಹೋದ ಮೇಲೆ ಲೀನೊನನ್ನು ಸಾಕಿದವಳು ಅವಳು. ಸತ್ತವನು ದಾರಿಯಲ್ಲಿ ಅಗಿಯಲೆಂದು ಹೆಣದ ಕೈಗೆ ಕೋಕಾ ಎಲೆ ಇಡಬೇಕಾದವಳೂ ಅವಳೇ. ಅಲ್ಲಿಗೆ ಫೋನು ಹತ್ತುವುದಿಲ್ಲ. ಸಾವಾಗಲಿ ಹೆರಿಗೆಯಾಗಲಿ, ಬೆಳಿಗ್ಗೆ ರೇಡಿಯೊದಲ್ಲಿ ಓದಿಸಿದರೆ ಬಯಲಿನ ಮನೆಮನೆಗೂ ಮುಟ್ಟುತ್ತದೆ. ನಿಲಯದ ಕಿಟಕಿಯಲ್ಲಿ ಕೂತ ಹುಡುಗಿಗೆ ಹೇಳಿದರೆ ಅವಳು ಹೆಸರು, ಊರು, ಹೊತ್ತು ಬರೆದುಕೊಂಡು ತಿರುತಿರುಗಿ ಓದುತ್ತಾಳೆ. ಎಲ್ಲರೂ ಮಾಡುವುದು ಹಾಗೆಯೇ.

ಮಾರನೆಯ ನಸುಕಿನಲ್ಲಿ ಸಾತುರ್ನಿನಾ ಆ ಕಿಟಕಿಯನ್ನು ದಾಟಿ ಹೋದಳು. ತಮ್ಮನ ಹೆಸರು ದೋನ್ ನಿಕಾನೋರನ ಬಾಯಲ್ಲೇ ಬರಲಿ ಎಂಬ ಆಸೆ. ಬಾಗಿಲಲ್ಲಿ ಆತನನ್ನು ಹಿಡಿದು ಹೇಳಿದಳು: “ನಾಳೆ ಮಧ್ಯಾಹ್ನಕ್ಕೆ ಮಣ್ಣು. ಫಾಸ್ತಿನಾ ಕೋಲ್ಕೆ ಇವತ್ತೇ ಲಾರಿ ಹತ್ಬೇಕು ಅನ್ನಿ. ಅಷ್ಟೇ ಅನ್ನಿ, ಸ್ವಾಮಿ.”

“ನಿಮ್ಮ ತಮ್ಮ ಅಂದ್ರೆ ನನ್ನ ತಮ್ಮ, ಸಾತುಕಮ್ಮ. ನಾನೇ ಹೇಳ್ತೀನಿ” ಎಂದ ಆತ. ಕಣ್ಣಲ್ಲಿ ನೀರೂ ಇತ್ತು, ಸುಳ್ಳು ನೀರಲ್ಲ.

ಹೇಳಿದ. ಹೆಣದ ಪಕ್ಕ ಕೂತು ಸಾತುರ್ನಿನಾ ಕೇಳಿದಳು. “ನಮ್ಮ ಗಣಿಯ ಮಗ ಲೀನೊ ಹೊರಟುಹೋದ. ಸಮುದ್ರ ನೋಡದೆಯೇ ಹೊರಟುಹೋದ...” ಅಲ್ಲಿಂದ ಮಾತು ಬಂದರಿಗೆ ಹೋಯಿತು, ಹಡಗಿಗೆ ಹೋಯಿತು, ಒಪ್ಪಂದಗಳಿಗೆ ಹೋಯಿತು. ಫಾಸ್ತಿನಾಳ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳು ರೇಡಿಯೊಗೆ ಕಿವಿ ಹಚ್ಚಿ ಕೂತೇ ಇದ್ದಳು. ಕಿಟಕಿಯ ಹುಡುಗಿ ಸಾವು ಹೆರಿಗೆಯ ಸುದ್ದಿ ಓದುವ ಹೊತ್ತನ್ನೂ ನುಂಗಿ ಆತ ಮಾತು ಮುಗಿಸಿದಾಗ ಸಂಗೀತ ಬಂತು. ಕಿಟಕಿಯ ಹತ್ತಿರ ಓಡಿದಾಗ ಹುಡುಗಿ ತಲೆ ಅಲ್ಲಾಡಿಸಿದಳು: “ಇನ್ ನಾಳೆ ಬೆಳಿಗ್ಗೆನೇ ಅಮ್ಮ.” ನಾಳೆ ಬೆಳಿಗ್ಗೆ ಹೇಳಿದರೆ ಫಾಸ್ತಿನಾ ಬರುವ ಹೊತ್ತಿಗೆ ಮಣ್ಣು ಮುಗಿದಿರುತ್ತದೆ. ಸಾತುರ್ನಿನಾ ಓದಿಸದೆಯೇ ಮರಳಿದಳು, ಕೋಕಾ ಎಲೆಯನ್ನು ತಾನೇ ಇಟ್ಟಳು.

ಸಂತೆಯ ದಿನ ಫಾಸ್ತಿನಾ ಬಂದಳು. ಬೆನ್ನ ಮೇಲೆ ಒಣಗಿಸಿದ ಆಲೂಗಡ್ಡೆಯ ಗಂಟು, ಕೈಯಲ್ಲಿ ಲೀನೊಗೆಂದು ಚೀಸಿನ ಉಂಡೆ.

“ರೇಡಿಯೊ ಕೇಳ್ಲಿಲ್ವೇನಕ್ಕಾ?”

“ಕೇಳ್ದೆ ಕಣೇ! ಯಾವನೋ ಲೀನೊ ಸಮುದ್ರ ನೋಡ್ದೆ ಸತ್ತ ಅಂತ ನಿಮ್ ಸಾಹೇಬ್ರು ಗೋಳಾಡಿದ್ರು. ಪಾಪ ಯಾರ ಮನೆ ಮಗನೋ ಅಂತ ನಾನೂ ಒಂದ್ ಕೋಕಾ ಎಲೆ ನೆಲಕ್ಕಿಟ್ಟೆ. ನಮ್ ಲೀನೊ ಮೈ ತೊಳ್ಯೋ ನೀರು ಕಂಡ್ರೂ ಓಡೋನು, ಅವನ್ಗ್ಯಾಕೆ ಸಮು...” ನಗುತ್ತಿದ್ದವಳ ಕಣ್ಣು ತಂಗಿಯ ಕಪ್ಪು ಶಾಲಿನ ಮೇಲೆ ಬಿತ್ತು. ಗಂಟು ಬೆನ್ನಿನಿಂದ ಜಾರಿತು.

ಅಕ್ಕನನ್ನು ಹಂಡೆಯ ಹಿಂದೆ ಕೂರಿಸಿ, ಅವಳು ಅಳುವಷ್ಟು ಹೊತ್ತು ಸಾತುರ್ನಿನಾ ಗಿರಾಕಿಗಳಿಗೆ ಆಪಿ ಸುರಿದಳು. ಇನ್ನೇನು ಮಾಡಲಿಕ್ಕೆ ಬರುತ್ತದೆ? ತಮ್ಮನನ್ನು ಮಣ್ಣು ಮಾಡಿದ ದಿನದಿಂದ ಅವಳು ರೇಡಿಯೊ ಹಚ್ಚಿರಲಿಲ್ಲ. ಎಲಾದಿಯೊ ಅದರ ಕಡೆ ನೋಡಿ, ಜಾರಿಬಿದ್ದ ಗಂಟನ್ನು ಎತ್ತಿ ಹಂಡೆಯ ಪಕ್ಕ ಇಟ್ಟ.

ಅಷ್ಟರಲ್ಲಿ ದೋನ್ ನಿಕಾನೋರನೇ ಬಂದ. “ಲೀನೊ ಬಗ್ಗೆ ಮಾತಾಡಿದ್ದು ಊರೆಲ್ಲ ಮೆಚ್ಕೊಂಡ್ರು, ಸಾತುಕಮ್ಮ.” ಅವಳು ಹಂಡೆಯ ಹಿಂದೆ ಕೂತವಳನ್ನು ತೋರಿಸಿ, ಏನಾಯಿತೆಂದು ನಾಲ್ಕು ಮಾತಿನಲ್ಲಿ ಹೇಳಿದಳು. ಆತ ಟೋಪಿ ತೆಗೆದ.

“ತಪ್ಪಾಯ್ತು. ನನ್ನ ಕಾರು ಇದೆ, ಅಕ್ಕನ್ನ ಈಗ್ಲೇ ಗೋರಿ ಹತ್ರ ಕರ್ಕೊಂಡ್ ಹೋಗ್ತೀನಿ. ಚರ್ಚಲ್ಲಿ ಪ್ರಾರ್ಥನೆ ಮಾಡ್ಸೋದು ನನಗಿರ್ಲಿ. ನಾಳೆ ಇಡೀ ಒಂದು ಗಂಟೆ ಲೀನೊಗೇ ಕೊಡ್ತೀನಿ. ಬರೋ ಸಮುದ್ರ ದಿನಕ್ಕೆ ಅವನ ಪಟ ಮೆರವಣಿಗೆ ಮುಂದೆ...”

ಸಾತುರ್ನಿನಾ ಆತನ ಲೋಟ ತುಂಬಿಸಿ ಮುಂದಿಟ್ಟಳು. ಸಿಟ್ಟು ಬರಲಿ ಎಂದು ಕಾದಳು. ಅದು ಕೂಡ ಬರಲಿಲ್ಲ, ದಣಿವೊಂದೇ ಬಂತು. ಒಲೆ ಆರಿಸಿ ಅಕ್ಕನ ಕೈ ಹಿಡಿದು ಎಬ್ಬಿಸಿದಳು.

“ಆರೋಗ್ತದೆ, ಕುಡೀರಿ. ಕಾರು ಬೇಡ ಸ್ವಾಮಿ. ಗೋರಿ ದೂರ ಇಲ್ಲ, ಇವಳ್ನ ನಾನೇ ನಡೆಸ್ಕೊಂಡ್ ಹೋಗ್ತೀನಿ. ದಾರಿಲಿ ಲೀನೊ ಹೆಂಗ್ ಸತ್ತ ಅಂತ ಹೇಳ್ಬೇಕು ಇವಳ್ಗೆ. ನೀವ್ ಜೊತೆಲಿ ಬಂದ್ರೆ ಅದ್ ಹೇಳೋಕಾಗಲ್ಲ.”