ಮಮ್ಮಿಗಳಿಂದ ಮಣ್ಣಿನವರೆಗೆ

ಶುಕ್ರವಾರ ಬೆಳಿಗ್ಗೆ ವಾಷಿಂಗ್ಟನ್ ಪಕ್ಕದ ಲ್ಯಾನ್‌ಹ್ಯಾಮ್‌ನಿಂದ ಹೊರಟೆವು. ಜೊತೆಗಿದ್ದವರು ಗೌರಮ್ಮ ಆಂಟಿ, ಅಮ್ಮನ ಮೆಡಿಕಲ್ ಕಾಲೇಜಿನ ಗೆಳತಿ, ಎಂಬತ್ತು ದಾಟಿದ ನಿವೃತ್ತ ಪೆಥಾಲಜಿಸ್ಟ್. ಹೋದ ವರ್ಷ ಅಂಕಲ್ ತೀರಿಕೊಂಡಾಗ ಫ್ಯೂನರಲ್ ಹೋಮಿನವರು ದೇಹ ಕೆಡದಂತೆ ರಕ್ತನಾಳಕ್ಕೆ ಫಾರ್ಮಲಿನ್ ರಸಾಯನ ತುಂಬಿ, ಕೆನ್ನೆಗೆ ಬಣ್ಣ ಹಚ್ಚಿ, ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುವುದು ಪದ್ಧತಿ. "ಅವರನ್ನ ಮಲಗಿಸಿಬಿಟ್ರು. ನಾನಂತೂ ಕೂತೇ ಹೋಗೋದು ಕಣೇ," ಎಂದು ಆಂಟಿ ಹಟ ಹಿಡಿದಿದ್ದರು. ಅವರದು ಉಡದ ಪಟ್ಟು. ದಕ್ಷಿಣ ಕೆರೊಲಿನಾದಲ್ಲಿ ರಸಾಯನವೂ ಪೆಟ್ಟಿಗೆಯೂ ಇಲ್ಲದೆ ಹೂಳುವ ಕಾಡಿನ ಸ್ಮಶಾನವೊಂದನ್ನು ಅವರೇ ಹುಡುಕಿದ್ದರು. ಅದನ್ನು ನೋಡಿಬರಲು ಹೊರಟಿದ್ದೆವು, ಡ್ರೈವರ್ ನಾನು.

ಮೊದಲು ಮಮ್ಮಿಗಳನ್ನು ನೋಡಲು ವಾಷಿಂಗ್ಟನ್ನಿನ ಮ್ಯೂಸಿಯಂಗೆ ಹೋದೆವು. ಒಳಗೆ ಹೋಗಲು ಟಿಕೆಟ್ಟಿಲ್ಲ, ಆದರೆ ಪಾರ್ಕಿಂಗ್ ಸಿಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಈಜಿಪ್ಟಿನ ಮಮ್ಮಿಯ ಮುಂದೆ ಆಂಟಿ ಪಾಠ ಶುರುಮಾಡಿದರು. ಅಲ್ಲಿ ಒಳಗಿನ ಅಂಗಗಳನ್ನು ತೆಗೆದು, ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತುತ್ತಿದ್ದರು. ಅಮೆರಿಕದಲ್ಲಿ ಅಂತರ್ಯುದ್ಧದ ಹೆಣಗಳನ್ನು ಕೆಡದಂತೆ ಊರಿಗೆ ಕಳಿಸಲು ಹೋಗಿ ರಸಾಯನ ತುಂಬುವುದು ರೂಢಿಯಾಯಿತಂತೆ.

"ಪೆರುವಿನೋರು ಮೊಣಕಾಲು ಮಡಿಸಿ ಕೂರಿಸ್ತಿದ್ರು. ಬುದ್ಧಿವಂತರು."

"ನಿಮಗೂ ಸ್ವಲ್ಪ ಉಪ್ಪು ಹಾಕಿಸೋಣ್ವಾ ಆಂಟಿ?"

"ಸುಮ್ನಿರೇ. ಜೀವಮಾನವೆಲ್ಲ ಲ್ಯಾಬಲ್ಲಿ ಫಾರ್ಮಲಿನ್ ವಾಸ್ನೆ ಕುಡಿದಿದೀನಿ. ಸತ್ಮೇಲೂ ಬೇಕಾ?"

ವರ್ಜೀನಿಯಾದ ಹೆದ್ದಾರಿಯಲ್ಲಿ ಎಂದಿನಂತೆ ಟ್ರಾಫಿಕ್. ರೆಸ್ಟ್ ಏರಿಯಾದಲ್ಲಿ ಮೊಸರನ್ನ ತಿನ್ನುವಾಗ ಆಂಟಿಯ ಮಗ ಫೋನ್ ಮಾಡಿದ. ಅವನು ಇಲ್ಲೇ ಹುಟ್ಟಿದವನು. "ಅಮ್ಮ, ಪ್ಲೀಸ್. ನಾನು ಬಾಡಿ ಮುಟ್ಟಲ್ಲ. ಐ ಕಾಂಟ್ ಡು ದಟ್." ಆಂಟಿ "ಆಯ್ತು ಬಿಡಪ್ಪ" ಎಂದು ಫೋನ್ ಇಟ್ಟು, ಅನ್ನದ ಡಬ್ಬಿ ಮುಚ್ಚಿದರು. ನನಗೆ ಅವನ ಮೇಲೆ ಸಿಟ್ಟು ಬಂತು. ನಾನಾದರೂ ಮುಟ್ಟುತ್ತಿದ್ದೆನೇ ಎಂದುಕೊಂಡಾಗ ಸಿಟ್ಟು ಇಳಿಯಿತು. ಸಂಜೆ, ದಾರಿಯಲ್ಲೇ ಇರುವ ಮಾರಿಸ್‌ವಿಲ್‌ನ ನಮ್ಮ ಮನೆ ಸೇರಿದೆವು. ಆಂಟಿ ಬೇಗ ಮಲಗಿದರು.

ಮರುದಿನ ಷಾರ್ಲೆಟ್ ನಗರ ದಾಟಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಸ್ಮಶಾನ ತಲುಪಿದೆವು. ಪೈನ್ ಮರಗಳ ನಡುವೆ ಕಾಲುದಾರಿ, ಗುರುತಿಗೆ ಬರೀ ಕಲ್ಲುಗಳು. ಸ್ಮಶಾನ ನೋಡಿಕೊಳ್ಳುವ ಹೆಂಗಸು ಬೂಟಿಗೆ ಮಣ್ಣು ಮೆತ್ತಿಕೊಂಡೇ ಬಂದಳು. ಆಂಟಿ ಹೇಳಿದ್ದನ್ನೆಲ್ಲ ಕೇಳಿ, ಕೂರಿಸಿ ಹೂತದ್ದು ಈವರೆಗೆ ಇಲ್ಲ, ಬೇಡವೆನ್ನುವ ನಿಯಮವೂ ಇಲ್ಲ, ಗುಂಡಿಯನ್ನು ಉದ್ದಕ್ಕೆ ಬದಲು ಆಳಕ್ಕೆ ತೋಡಿದರಾಯಿತು ಎಂದಳು. ಕೂತರೆ ಎಷ್ಟು ಎತ್ತರ ಎಂದೂ ಕೇಳಿದಳು.

ಆಂಟಿ ಉದುರಿದ ಪೈನ್ ಎಲೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯನ್ನು ಎದೆಯ ಮುಂದೆ ಹಿಡಿದರು. ಆಕೆ ಟೇಪಿನಲ್ಲಿ ಅಳೆದಳು. ಆಮೇಲೆ ಕೇಳಿದಳು: ಗುಂಡಿ ನಾವು ತೋಡುತ್ತೇವೆ, ಇವರನ್ನು ಒಳಗಿಳಿಸಿ ಕೂರಿಸುವವರು ಯಾರು?

ಆಂಟಿ ಎದೆಯ ಮುಂದಿದ್ದ ಕೈ ಇಳಿಸಿದರು.

"ನಾನು," ಎಂದೆ.

ಆಂಟಿ ನನ್ನನ್ನು ದಿಟ್ಟಿಸಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಲ್ಯಾಬಿನದೇ. "ಹಾಗಿದ್ರೆ ಈಗ ಎತ್ತು ನೋಡೋಣ. ಕೈ ಎಳೀಬೇಡ, ಕಂಕುಳಲ್ಲಿ ಹಿಡ್ಕೋ. ಆಗ ನಾನೇನೂ ಹೆಲ್ಪ್ ಮಾಡಲ್ಲ, ನೆನಪಿರ್ಲಿ."

ಹಿಂದೆ ನಿಂತು ಬಗ್ಗಿದೆ. ಅವರು ಮೈಯನ್ನು ಪೂರ್ತಿ ಸಡಿಲ ಬಿಟ್ಟರು. ನನ್ನಿಂದ ಆಗಲಿಲ್ಲ, ಇಬ್ಬರೂ ಎಲೆಗಳ ಮೇಲೆ ಕುಸಿದೆವು.

"ಇನ್ನೊಂದ್ಸಲ," ಎಂದರು ಆಂಟಿ.