ಹತ್ತರಕಿ ಮಾಸ್ತರರು ಲೆಕ್ಕ ಹಾಕಿದ ಸೂರ್ಯೋದಯ

ಗಣಿತವೆಂಬುದು ಶಾಲೆಯ ಹೊಸ್ತಿಲು ದಾಟಿ, ಒಲೆಯ ಮುಂದೆ ಬಂದು, ಮನೆಯವರೊಬ್ಬರಂತೆ ಕುಳಿತುಕೊಳ್ಳಬಲ್ಲ ವಿದ್ಯೆ ಎಂಬುದನ್ನು ಕೊಲ್ಲಾಪುರ ಸೀಮೆಯ ಜನರಿಗೆ ತೋರಿಸಿಕೊಟ್ಟ ಮಹನೀಯರಲ್ಲಿ ಶ್ರೀ ಕಾಡಸಿದ್ದ ಪರಪ್ಪ ಹತ್ತರಕಿ ಮಾಸ್ತರರು ಮೊದಲ ಸಾಲಿನವರು. ಈ ವರ್ಷ ಅವರು ಇಚಲಕರಂಜಿಯ ಹೈಸ್ಕೂಲಿನ ಸೇವೆಯಿಂದ ನಿವೃತ್ತರಾಗಿ ತಮ್ಮ ಹುಟ್ಟೂರಾದ ಗಡಹಿಂಗ್ಲಜಕ್ಕೆ ಮರಳುತ್ತಿದ್ದಾರೆ. ಅವರ ಶಿಷ್ಯರಲ್ಲಿ ಇಂಜಿನಿಯರರಾದವರು, ವಕೀಲರಾದವರು, ಕಾರಖಾನೆ ಕಟ್ಟಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ಈ ಅಭಿನಂದನ ಸಂಪುಟದಲ್ಲಿ ತಮ್ಮ ತಮ್ಮ ದೊಡ್ಡ ಮಾತುಗಳನ್ನು ಬರೆಯಲಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ನಾನು ನಮ್ಮ ಅಡುಗೆಮನೆಯ ಮಾತನ್ನಷ್ಟೇ ಬರೆಯುತ್ತೇನೆ. ಸಂಪಾದಕರಿಗೆ ಇದು ಸಣ್ಣದೆನಿಸಿದರೆ ಎನಿಸಲಿ, ನನಗೆ ಇದಕ್ಕಿಂತ ದೊಡ್ಡದು ಗೊತ್ತಿಲ್ಲ.

ಮಾಸ್ತರರು ಕೊಲ್ಲಾಪುರದಲ್ಲಿ ಕಾಲೇಜು ಮುಗಿಸಿ ನಮ್ಮೂರಾದ ಇಚಲಕರಂಜಿಗೆ ಬಂದಾಗ ಇಲ್ಲಿ ಕೈಮಗ್ಗಗಳ ನಡುವೆ ಕರಂಟಿನ ಮಗ್ಗಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವಂತೆ. ಗಣಿತವನ್ನು ಅವರು ಮರಾಠಿಯಲ್ಲಿ ಕಲಿಸುತ್ತಿದ್ದರು, ಬೈಯುವುದನ್ನು ಮಾತ್ರ ಕನ್ನಡದಲ್ಲಿ ಮಾಡುತ್ತಿದ್ದರು; ಬೈಗುಳ ಮನಸ್ಸಿಗೆ ನಾಟಬೇಕಾದರೆ ತಾಯಿನುಡಿಯೇ ಆಗಬೇಕೆಂಬುದು ಅವರ ಸಿದ್ಧಾಂತ. ಹುಡುಗರನ್ನು ಮಗ್ಗದ ಮನೆಗೆ ಕರೆದೊಯ್ದು, ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸಣ್ಣ ಚಕ್ರ ಎಷ್ಟು ಸುತ್ತು ಬಂತೆಂದು ಎಣಿಸಲು ಹಚ್ಚುವರು. ಹುಪರಿಯ ಬೆಳ್ಳಿ ಕೆಲಸದವರ ಮಕ್ಕಳು ಬಂದರೆ ಬೆಳ್ಳಿಗೆ ತಾಮ್ರ ಬೆರೆಸುವ ಪ್ರಮಾಣದಿಂದಲೇ ತ್ರೈರಾಶಿ ಆರಂಭ. ಅವರ ಕೈಯಲ್ಲಿ ಲೆಕ್ಕವೆಂಬುದು ಎಂದೂ ಊರು ಬಿಟ್ಟು ಹೋಗಲಿಲ್ಲ.

ನಾನು ೧೯೩೫ರಲ್ಲಿ ಮಗದುಮ್ಮರ ಮನೆಗೆ ಸೊಸೆಯಾಗಿ ಬಂದೆ. ಗಂಡನ ಹೆಸರನ್ನು ಅಚ್ಚಿನಲ್ಲಿ ಹಾಕಬಾರದೆಂದು ನಮ್ಮ ಅತ್ತೆ ಮಾಣಿಕಬಾಯಿಯವರ ಕಟ್ಟಪ್ಪಣೆಯಿರುವುದರಿಂದ 'ನಮ್ಮ ಮನೆಯವರು' ಎಂದೇ ಬರೆಯುತ್ತೇನೆ. ಮಗ್ಗದ ಸುಕುಮಾರ ಎಂದರೆ ಊರಿಗೆ ಗೊತ್ತು. (ಬರೆದೇಬಿಟ್ಟೆ, ಇರಲಿ!) ನನಗೆ ಪರೀಕ್ಷೆ ಮುಗಿಸಿ ಶಿಕ್ಷಕಿಯಾಗಬೇಕೆಂಬ ಆಸೆ, ಅಂಕಗಣಿತವೋ ನನ್ನ ಹಗೆ. ಇದನ್ನು ಕೇಳಿದ ಮಾಸ್ತರರು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಪಡಸಾಲೆಗೇ ಬಂದು ಪಾಠ ಹೇಳಿದರು. ಹರೆಯದ ಸೊಸೆ ಪರಪುರುಷರೆದುರು ಕೂಡುವುದೆಂದರೆ ಏನೆಂದಾರು ಜನ? ಅದಕ್ಕಾಗಿ ಅತ್ತೆ ಕೌದಿ ಹೊಲೆಯುತ್ತ ನಮ್ಮಿಬ್ಬರ ನಡುವೆ ಕೋಟೆಗೋಡೆಯಾಗಿ ಕೂತರು. ತಿಂಗಳೆರಡು ಕಳೆಯುವುದರೊಳಗೆ ಗೋಡೆಯೂ ಮಾತಾಡತೊಡಗಿತು.

"ಮಾಸ್ತರ, ಆ ಹೌದಿಗೆ ಒಂದ ನಳದಿಂದ ನೀರ ಬಿಟ್ಟು ಇನ್ನೊಂದ ನಳದಿಂದ ಯಾಕ ಹೊರಗ ಬಿಡ್ತಾರ? ತಲಿ ಕೆಟ್ಟೈತೇನ ಅವರ್ದು?"

"ಪರೀಕ್ಷಾ ತಗೊಳ್ಳೋರದು ಕೆಟ್ಟೈತ್ರಿ ಬಾಯಾರ," ಎಂದು ಮಾಸ್ತರರು ಗಂಭೀರವಾಗಿಯೇ ಉತ್ತರಿಸಿದ್ದರು.

ನಾನು ಪಾಸಾದೆ. ಆ ಉಪಕಾರಕ್ಕೆ ನಾನು ಜನ್ಮವಿಡೀ ಋಣಿ. ಆದರೆ ನಾನು ಹೇಳಬೇಕೆಂದದ್ದು ಅದಲ್ಲ.

ನಾವು ದಿಗಂಬರ ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಬೆಳಿಗ್ಗೆ ಸೂರ್ಯ ಹುಟ್ಟಿ ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸಿನಷ್ಟು, ಕಳೆಯುವವರೆಗೆ ವ್ರತಸ್ಥರು ನೀರನ್ನೂ ಮುಟ್ಟುವುದಿಲ್ಲ. ಹಿಂದೆ ಇದಕ್ಕೆ ಗಡಿಯಾರ ಬೇಕಿರಲಿಲ್ಲ. ಅಂಗೈ ಚಾಚಿದರೆ ಗೆರೆ ಕಾಣಬೇಕು, ಕಂಡರೆ ಹಗಲು. ಯಾವಾಗ ಮನೆಮನೆಗೆ ಕರಂಟು ಬಂತೋ, ತಲೆಯ ಮೇಲೆ ಬಲ್ಬು ಉರಿಯತೊಡಗಿತೋ, ಅಂಗೈಯ ಗೆರೆಗೆ ಹಗಲೂ ಒಂದೇ ಇರುಳೂ ಒಂದೇ ಆಯಿತು. ಮಳೆಗಾಲದಲ್ಲಂತೂ ನಮ್ಮ ಹೆಂಗಸರಿಗೆ ದಿನಾ ಸಂಜೆ ಇದೇ ಜಗಳ: ಮುಳುಗಿತೋ ಇಲ್ಲವೋ? ಪಡಸಾಲೆಯಲ್ಲಿ ಈ ಜಗಳವನ್ನು ಕೇಳಿದ ಮಾಸ್ತರರು, ತಾವು ಲಿಂಗಾಯತರಾಗಿದ್ದೂ, ನಮ್ಮೂರಿನ ಅಕ್ಷಾಂಶ ರೇಖಾಂಶ ಹಿಡಿದು ವರ್ಷದುದ್ದಕ್ಕೂ ಸೂರ್ಯ ಹುಟ್ಟುವ ಮುಳುಗುವ ವೇಳೆಯನ್ನು ಗುಣಿಸಿ ತೆಗೆದು, ಒಂದು ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಬಸದಿಯಲ್ಲಿ ಹಂಚಿದರು. ಒಂದೆರಡು ವರ್ಷಗಳಲ್ಲಿ ಊರ ಜೈನರ ಅಡುಗೆಮನೆಗಳಲ್ಲಿ ಗಡಿಯಾರದ ಪಕ್ಕಕ್ಕೆ ಮಾಸ್ತರರ ಕಾರ್ಡು ಇದ್ದೇ ಇರುತ್ತಿತ್ತು. 'ಮಾಸ್ತರ ಹೊತ್ತ ಮುಳಗತು, ಏಳ್ರಿ' ಎಂದು ಹೆಂಗಸರು ತಟ್ಟೆ ಎತ್ತುತ್ತಿದ್ದರು.

ಇಷ್ಟರಲ್ಲಿ ಯುದ್ಧ ಬಂತು. ೧೯೪೨ರ ಮಳೆಗಾಲದಲ್ಲಿ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ಮಾಡಬೇಕೆಂದು ಸರಕಾರದ ಅಪ್ಪಣೆಯಾಯಿತು. ಶಾಲೆ, ಕಚೇರಿ, ವೇಳೆಗೆ ಸರಿಯಾಗಿ ಕೂಗುವ ಕಾರಖಾನೆಯ ಭೋಂಗಾ ಎಲ್ಲವೂ ಹೊಸ ವೇಳೆಗೆ ಹೊರಳಿದವು. ಮನೆಗಳು ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾದವು. ಮಾಸ್ತರರು ಬಸದಿಗೆ ಬಂದು, ಗಡಿಯಾರ ಮುಂದೆ ಮಾಡಿದವರು ಕಾರ್ಡಿನ ವೇಳೆಗೂ ಒಂದು ತಾಸು ಕೂಡಿಸಿಕೊಳ್ಳಿರೆಂದು ಸಾರಿದರು. ನಮ್ಮ ಮನೆಗೂ ಬಂದು ಹೇಳಿದಾಗ ಅತ್ತೆ ಕಿಡಿಕಿಡಿಯಾದರು.

"ಸರಕಾರದವರ ಕೋಳಿ ಕೂಗಿದ್ರ ಹೊತ್ತ ಹೊಂಡತೈತೇನ್ರಿ? ಯುದ್ಧದ ತಾಸು ನನ್ನ ಅಡಿಗಿಮನ್ಯಾಗ ಬ್ಯಾಡ!"

"ಆತ್ರಿ ಬಾಯಾರ, ನಿಮ್ಮ ಗಡಿಯಾರ ನಿಮ್ಮ ರಾಜ್ಯ," ಎಂದು ಮಾಸ್ತರರು ನಕ್ಕು ಬಿಟ್ಟರು. ಲೆಕ್ಕಕ್ಕೇನೂ ಬಾಧಕವಿರಲಿಲ್ಲ. ಹಳೆ ಗಡಿಯಾರ, ಹಳೆ ಕಾರ್ಡು.

ಆ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಅತ್ತೆ ಹತ್ತೂ ದಿನದ ಉಪವಾಸ ಹಿಡಿದರು. ಹಗಲಿನಲ್ಲಿ ಕಾಸಿ ಆರಿಸಿದ ನೀರು, ಅಷ್ಟೇ. ಹಿಂದೆ ಒಮ್ಮೆ ಹಿಡಿದು ನಡುವೆಯೇ ಬಿಡಬೇಕಾಗಿ ಬಂದಿತ್ತು. ಆ ಕೊರಗು ಅವರನ್ನು ಬಿಟ್ಟಿರಲಿಲ್ಲ. ಮಿರಜದ ಡಾಕ್ಟರರು ಎದೆಗೆ ನಳಿಗೆಯಿಟ್ಟು ನೋಡಿ, ಬೇಡವೆಂದೇ ಹೇಳಿದ್ದರು, ಕೇಳುವವರಾರು? ಹತ್ತನೆಯ ದಿನಕ್ಕೆ ಅವರು ಗೋಡೆ ಹಿಡಿಯದೆ ನಡೆಯಲಾರದಾಗಿದ್ದರು. ಮುಖದಲ್ಲಿ ಮಾತ್ರ ಗೆದ್ದ ಕಳೆ.

ಮರುದಿನ ಬೆಳಿಗ್ಗೆ ಪಾರಣೆ. ಅಕ್ಕನಿಗೆ ಮೊದಲ ಗುಟುಕು ತಾನೇ ಕುಡಿಸಬೇಕೆಂದು ಅವರ ತಮ್ಮ ಕಾಕಾಸಾಹೇಬರು ಹುಪರಿಯಿಂದ ಹಿಂದಿನ ಸಂಜೆಯೇ ಬಂದಿದ್ದರು. ಬೆಳ್ಳಿ ಸರಪಳಿಯ ಕಿಸೆಗಡಿಯಾರ ಅವರ ಜೀವ. ನಸುಕಿನಲ್ಲೆದ್ದವರು ಅಡುಗೆಮನೆಯ ಗಡಿಯಾರವನ್ನು ನೋಡಿದ್ದಾರೆ, ಅದು ತಮ್ಮದಕ್ಕಿಂತ ಒಂದು ತಾಸು ಹಿಂದಿದೆ. ಪಾಪ, ಹತ್ತು ದಿನದ ಗಡಿಬಿಡಿಯಲ್ಲಿ ಯಾರೂ ನೋಡಿಲ್ಲವೆಂದುಕೊಂಡು ಪ್ರೀತಿಯಿಂದಲೇ ಮುಳ್ಳನ್ನು ಮುಂದೆ ತಿರುಗಿಸಿ ಸ್ನಾನಕ್ಕೆ ಹೋದರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿತ್ತು?

ಹೊರಗೆ ಕಾಡಿಗೆಯಂಥ ಮೋಡ, ಒಳಗೆ ಬಲ್ಬಿನ ಬೆಳಕು, ಮನೆ ತುಂಬ ಹೆಂಗಸರು. ಗಡಿಯಾರ ನೋಡಿ ನಾನೇ 'ಅಯ್ಯ, ಇಷ್ಟ ಲಗೂ ಏಳಾತೇನ!' ಎಂದು ಹೆಸರುಬೇಳೆಯ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿದೆ. ಕಾರ್ಡಿನ ವೇಳೆಯ ಮೇಲೆ ಎರಡು ಗಳಿಗೆ ಆದದ್ದನ್ನು ಎಲ್ಲರೂ ನೋಡಿದರು. ಕಾಕಾಸಾಹೇಬರು ಕುಡಿಸಿದರು, ಅತ್ತೆ ಕುಡಿದರು, ಹೆಂಗಸರು ಹಾಡಿದರು. ಅಷ್ಟರಲ್ಲಿ ಕಾರಖಾನೆಯ ಭೋಂಗಾ ಕೂಗಿತು. ನಾನು ಅಭ್ಯಾಸದಂತೆ ಗಡಿಯಾರ ನೋಡಿದೆ. ಭೋಂಗಾದ ವೇಳೆಗೂ ನಮ್ಮ ಗಡಿಯಾರಕ್ಕೂ ತಾಳೆಯಾಗಿತ್ತು! ಆ ತಿಂಗಳಲ್ಲಿ ಒಂದು ದಿನವೂ ಆಗಿರಲಿಲ್ಲ. ನಮ್ಮ ಹಳೆ ಗಡಿಯಾರವನ್ನು ಯಾರೋ ಮುಂದೆ ಮಾಡಿದ್ದರು! ನಾನು ಬಾಯಿ ತೆರೆಯುವ ಮೊದಲೇ ಮೂಡಣದ ಮೋಡ ಹರಿದು, ಎದುರು ಮನೆಯ ಮಾಳಿಗೆಯಂಚಿನಲ್ಲಿ ಕೆಂಪು ಸೂರ್ಯ ಆಗತಾನೇ ತಲೆಯೆತ್ತಿದ. ಹಾಡು ನಿಂತಿತು. ಅತ್ತೆಯ ಕೈಯಲ್ಲಿ ಬಟ್ಟಲಿನ್ನೂ ಇತ್ತು.

ಮುಳ್ಳು ತಿರುಗಿಸಿದವನು ತಾನೇ ಎಂದು ಕಾಕಾಸಾಹೇಬರು ಹಣೆ ಬಡಿದುಕೊಂಡು ಮಗುವಿನಂತೆ ಅತ್ತರು. ಅತ್ತೆ ಅಳಲಿಲ್ಲ. ಬಟ್ಟಲು ಕೆಳಗಿಟ್ಟು ಹೇಳಿದರು:

"ವ್ರತ ಕೆಟ್ಟತು. ಇವತ್ತಿಂದ ಮತ್ತ ಹತ್ತ ದಿನ ಕೂಡತೇನಿ. ಯಾರೂ ನನ್ನ ತಡೀಬ್ಯಾಡ್ರಿ."

ಮತ್ತೆ ಹತ್ತು ದಿನವೆಂದರೆ ಹೆಣವನ್ನೇ ಎತ್ತಬೇಕಾಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಲು ಹಿಡಿದೆವು, ಆಣೆಯಿಟ್ಟೆವು. ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ನಮ್ಮ ಮನೆಯವರು ಸೈಕಲ್ ತುಳಿದು ಮಾಸ್ತರರನ್ನು ಕರೆತಂದರು. ಬಾಗಿಲಲ್ಲೇ ನಿಲ್ಲಿಸಿ ಕೈ ಮುಗಿದರು.

"ಮಾಸ್ತರ, ಒಂದ ಮಾತ ಅಂದ್ಬಿಡ್ರಿ. ಕಾರ್ಡಿನ್ಯಾಗ ತಪ್ಪಿತ್ತು, ಹೊತ್ತ ಮೊದಲಾ ಹೊಂಟಿತ್ತು, ಎದರ ಮಾಳಿಗಿ ಮರಿಗೆ ಕಾಣಲಿಲ್ಲ ಅಂತ. ನೀವಂದ್ರ ಅವ್ವ ನಂಬತಾಳ."

ಮಾಸ್ತರರು ಚಪ್ಪಲಿ ಕಳಚಿ ಬದಿಗಿಟ್ಟರು. "ನಂಬತಾರ ಸುಕುಮಾರ. ಅದಕ್ಕಾ ಅನ್ನಾಕ ಬರೂದಿಲ್ಲ," ಎಂದರು.

ಒಳಗೆ ಬಂದು ಅತ್ತೆಯ ಹಾಸಿಗೆಯಿಂದ ದೂರದಲ್ಲಿ ನೆಲದ ಮೇಲೆ ಕೂತರು.

"ಬಾಯಾರ, ತಪ್ಪ ನಂದು. ಈ ಕಾರ್ಡು ಯಾವ ಗಡಿಯಾರದ್ದು ಅಂತ ಅದರ ಮ್ಯಾಲ ನಾ ಬರದಿಲ್ಲ. ಬಾಯಿಲೆ ಹೇಳಿದ್ರ ಊರಿಗೆಲ್ಲ ತಿಳೀತು ಅನಕೊಂಡೆ. ಪರಊರಿಂದ ಬಂದವರಿಗೆ ಹ್ಯಾಂಗ ತಿಳೀಬೇಕು?"

"ಯಾರ ತಪ್ಪಾದ್ರೇನು ಮಾಸ್ತರ, ಬಾಯಾಗ ಹೋಗಿದ್ದು ನನ್ನ ಬಾಯಾಗ."

"ಹೌದ್ರಿ. ಖರೆ. ಹತ್ತನೇ ದಿನದ ಉಪಾಸ ಇವತ್ತ ಹೊತ್ತ ಹೊಂಡೂತನಕ ಇತ್ತು, ಅದು ಕೆಟ್ಟೈತಿ, ಸುಳ್ಳ ಹೇಳೂದಿಲ್ಲ. ಆದ್ರ ನಿಮ್ಮ ಸೊಸಿ ರತ್ನವ್ವಗ ನಾ ಲೆಕ್ಕಾ ಕಲಸುವಾಗ ನೀವಾ ಕುಂತಿದ್ರಿ. ಕಡೀ ಮೆಟ್ಟಲಾ ತಪ್ಪಿದ್ರ ಪಾಟಿ ಪೂರಾ ಒರಸು ಅಂತ ಎಂದಾರ ಅಂದೇನೇನು? ಕಡೀದೊಂದಾ ಮತ್ತ ಮಾಡಸತಿದ್ದೆ."

ಅತ್ತೆ ಮೆಲ್ಲಗೆ ಈ ಕಡೆ ಹೊರಳಿದರು.

"ಹಂಗಂದ್ರ ಹಿಂದಿನ ಒಂಬತ್ತ ದಿನ ಉಳದಾವೇನ್ರಿ?"

"ನಿಮ್ಮ ಶಾಸ್ತ್ರಾ ನನಗ ತಿಳೀದು, ನಾಂದಣಿ ಜೈನ ಮಠದಾಗ ಕೇಳಸ್ರಿ. ಲೆಕ್ಕಾದಾಗಂತೂ ಉಳದಾವ. ಒಂಬತ್ತ ದಿನ ಖರೇನಾ ಹಸದೀರಿ ಬಾಯಾರ. ಅದನ್ನ ಒರಸಾಕ ಯಾವ ಗಡಿಯಾರಕ್ಕೂ ಆಗೂದಿಲ್ಲ."

ಅತ್ತೆಯ ಕಣ್ಣಲ್ಲಿ ಆಗ ನೀರು ಬಂತು. ನನಗೂ ಬಂತು, ನಾಚಿಕೆಯಿಲ್ಲದೆ ಬರೆಯುತ್ತೇನೆ. "ಒಂದ ದಿನ ಅಂದ್ರ ಒಂದಾ ದಿನ," ಎಂದು ಅತ್ತೆ ಒಪ್ಪಿದರು.

ಮರುದಿನ ನಸುಕಿನಲ್ಲಿ ಮಾಸ್ತರರು ಯಾರೂ ಕರೆಯದೆ ಬಂದು, ಕೊಡೆ ಹಿಡಿದು ನಮ್ಮ ಮಾಳಿಗೆ ಹತ್ತಿದರು. ಕಾರ್ಡು ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಜಿನುಗು ಮಳೆಯಲ್ಲಿ ಮೂಡಣಕ್ಕೆ ಮುಖ ಮಾಡಿ ನಿಂತೇ ಇದ್ದರು. ಸೂರ್ಯ ಕಂಡು, ಎರಡು ಗಳಿಗೆಯಾಗುವಷ್ಟು ಮೇಲೇರಿದ ಬಳಿಕ, ಅಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದರು: "ಕುಡೀರಿ ಬಾಯಾರ!" ಅತ್ತೆ ಕುಡಿದರು. ಬದುಕಿದರು. ಅಂದಿನಿಂದ ಅಚ್ಚಾದ ಪ್ರತಿಯೊಂದು ಕಾರ್ಡಿನ ಮೇಲೂ ಯಾವ ವೇಳೆಯ ಗಡಿಯಾರಕ್ಕೆಂಬುದು ಸೂರ್ಯನಿಗಿಂತ ದೊಡ್ಡ ಅಕ್ಷರದಲ್ಲಿದೆ.

ಯುದ್ಧ ಮುಗಿಯಿತು, ಸರಕಾರ ಒಯ್ದ ತಾಸನ್ನು ಮರಳಿ ಕೊಟ್ಟಿತು, ನಾವೆಲ್ಲ ಆ ಬೆಳಗನ್ನು ನಗುತ್ತ ಹೇಳಿಕೊಳ್ಳುವಷ್ಟು ನಿರಾಳರಾದೆವು. ಒಬ್ಬರು ಮಾತ್ರ ಆಗಿರಲಿಲ್ಲ. ಕಳೆದ ವರ್ಷ ಪರ್ವದ ಹತ್ತನೆಯ ದಿನವಾದ ಚತುರ್ದಶಿಯಂದು ಮಾಸ್ತರರ ಮನೆಗೆ ಹೋದಾಗ ಅವರ ಧರ್ಮಪತ್ನಿ ಸುಶೀಲಾಬಾಯಿಯವರು ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: "ಇವತ್ತ ಅವರು ಉಣ್ಣೂದಿಲ್ಲವ್ವಾ. ನಿಮ್ಮ ಅತ್ತೀ ಉಪಾಸ ಕೆಟ್ಟ ವರ್ಷದಿಂದ ಹಿಂಗಾ. 'ಅವರ ಒಂದ ದಿನ ನನ್ನ ತಪ್ಪಿಲೆ ಹೆಚ್ಚು ಹಸದಾರ, ಅದನ್ನ ನಾ ಹಂಚಕೋಬೇಕು' ಅಂತಾರ. ಯಾರಿಗೂ ಹೇಳಬ್ಯಾಡಂದಾರ."

ನಾನು ಹೇಳಿದೆ. ಹೇಳದೆ ಇರುವುದು ನನ್ನಿಂದ ಆಗುವ ಕೆಲಸವಲ್ಲ. ಅತ್ತೆ "ಮಳ್ಳ ಮಾಸ್ತರ!" ಎಂದು ಬೈದರು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು, ಮರುದಿನ ಬೆಳಿಗ್ಗೆ ಹೆಸರುಬೇಳೆಯ ತಿಳಿಯನ್ನು ತಾವೇ ಕಾಸಿ, ತಾವೇ ಹೊತ್ತುಕೊಂಡು ಹೋಗಿ, ಮಾಸ್ತರರು ಕುಡಿದು ಮುಗಿಸುವ ತನಕ ಎದುರಿಗೆ ನಿಂತರು.

ಈಗ ಮಾಸ್ತರರು ಗಡಹಿಂಗ್ಲಜಕ್ಕೆ ಹೊರಟಿದ್ದಾರೆ. ಅಲ್ಲಿಯೂ ಅವರ ಗಣಿತ ಒಲೆಗಳ ಮುಂದೆ, ಮಗ್ಗಗಳ ಮುಂದೆ, ಹೊಲದ ಬದುಗಳಲ್ಲಿ ಬಹುಕಾಲ ಜನರಿಗೆ ಬೆಳಕಾಗಿ ನಡೆಯಲಿ, ಅವರಿಗೂ ಸುಶೀಲಾಬಾಯಿಯವರಿಗೂ ಆಯುರಾರೋಗ್ಯ ಒದಗಲಿ ಎಂದು ಬರೆದು, ಓದಿ ತೋರಿಸಲು ಅತ್ತೆಯ ಬಳಿ ಹೋದೆ. ಮೋಟಾರು ಹಿಡಿದು ಭಾದ್ರಪದಕ್ಕೆ ಗಡಹಿಂಗ್ಲಜಕ್ಕೆ ಹೋಗಲು ಅವರು ಆಗಲೇ ಹೆಸರುಬೇಳೆ ಆರಿಸುತ್ತ ಕೂತಿದ್ದರು.

"ನೂರು ವರ್ಷ ಬಾಳ್ರಿ ಅಂತ ಬರೀಲೇನ್ರಿ, ಅತ್ತಿ?" ಎಂದು ಕೇಳಿದೆ.

"ನೂರು ಗೀರು ಬ್ಯಾಡ. ಅವರ ಹಸಿವಿಗೆ ತಿಳಿ ಕಾಸಾಕ ನಾ ಇರೂತನಕ ಅವರು ಇರಬೇಕು, ಅವರು ಇರೂತನಕ ನಾ ಇರಬೇಕು. ಹಂಗಾ ಬರಿ," ಎಂದರು.

ಹಾಗೆಯೇ ಬರೆದಿದ್ದೇನೆ.